ಕಿಟ್ ಕೊಳ್ಳೋ ಮುಂಚೆ ಬೋಲ್ಟ್ ಎಣಿಸಿ: ಹಳೇ ಇಂಪಾಲಾದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಥೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಈ ಸಂಚಿಕೆಯನ್ನ ಬ್ಲಫ್‌ನಿಂದ ರೆಕಾರ್ಡ್ ಮಾಡ್ತಿದ್ದೀನಿ. ಹಿಂದೆ ಕೇಳಿಸ್ತಿರೋ ಟಣಟಣ ಸದ್ದು ನಮ್ಮ ಸೋದರಮಾವನ ಶೆಡ್‌ದು. ಬ್ಲಫ್ ಎಲ್ಲಿ ಅಂತ ಗೊತ್ತಿಲ್ದವರಿಗೆ ಹೇಳ್ಬಿಡ್ತೀನಿ: ಮಳವಳ್ಳಿ ತಾಲ್ಲೂಕು, ಶಿವನಸಮುದ್ರದ ಗಗನಚುಕ್ಕಿ ಪಕ್ಕ, ವಿದ್ಯುತ್ ಉತ್ಪಾದನಾ ಕೇಂದ್ರದ ಊರು. 1902ರಲ್ಲಿ ಇಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಹಾಗಾಗಿ ಈ ಊರಲ್ಲಿ 'ಟ್ರಾನ್ಸ್‌ಮಿಷನ್' ಅಂದ್ರೆ ಮೊದಲು ನೆನಪಾಗೋದು ಕರೆಂಟ್ ಲೈನು. ನಾನು ಇವತ್ತು ಹೇಳೋದು ಕಾರಿನ ಟ್ರಾನ್ಸ್‌ಮಿಷನ್ ಬಗ್ಗೆ, ಅಂದ್ರೆ ಗೇರ್‌ಬಾಕ್ಸ್ ಬಗ್ಗೆ. ಅದೂ ಆಟೋಮ್ಯಾಟಿಕ್.

ನಮ್ಮ ತಾತನ ಕಾಲದ್ದೊಂದು 1965ರ ಷೆವರ್ಲೆ ಇಂಪಾಲಾ ಇದೆ. ತಾತ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ವಿ-8 ಎಂಜಿನ್, ಪವರ್‌ಗ್ಲೈಡ್ ಅನ್ನೋ ಎರಡೇ ಗೇರಿನ ಆಟೋಮ್ಯಾಟಿಕ್. ಎರಡು ವರ್ಷದ ಹಿಂದೆ ತೊಂದ್ರೆ ಶುರುವಾಯ್ತು. ಡ್ರೈವ್‌ಗೆ ಹಾಕಿದ್ರೆ ಕಾರು ಹೊರಡೋದು ತಡ. ಗೇರ್ ಬದಲಾಗುವಾಗ ಧಡ್ ಅಂತ ಒದ್ದಂಗೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ. ಗೇರ್‌ಬಾಕ್ಸ್ ಆಯಿಲ್ ತಿಂಗಳಿಗೊಂದ್ಸಲ ಕಮ್ಮಿಯಾಗ್ತಿತ್ತು, ಆದ್ರೆ ನೆಲದ ಮೇಲೆ ಒಂದು ಹನಿ ಇಲ್ಲ.

ಸಲಹೆಗೇನೂ ಬರ ಇರ್ಲಿಲ್ಲ. ಒಂದು ಗ್ಯಾರೇಜಿನವರು ಪೂರ್ತಿ ಬಿಚ್ಚಿ ಮಾಡ್ಬೇಕು, ಎರಡೂವರೆ ಲಕ್ಷ ಅಂದ್ರು. ಇನ್ನೊಬ್ಬರು, 'ಅಮೆರಿಕನ್ ಡಬ್ಬ ತೆಗ್ದು ಬಿಸಾಕಿ, ಡೀಸೆಲ್ ಎಂಜಿನ್ನೂ ಕ್ಲಚ್ಚಿನ ಗೇರ್‌ಬಾಕ್ಸೂ ಕೂರಿಸ್ಕೊಡ್ತೀನಿ' ಅಂದ್ರು. ನಮ್ಮ ದೇಶದಲ್ಲಿ ಎಷ್ಟೋ ಹಳೇ ಅಮೆರಿಕನ್ ಕಾರುಗಳಿಗೆ ಆಗಿರೋದು ಇದೇ. ಆದ್ರೆ ಮಾವನಿಗೆ ಎಡ ಮಂಡಿ ಆಪರೇಷನ್ ಆಗಿದೆ. ಕ್ಲಚ್ ತುಳಿಯೋಕೆ ಆಗಲ್ಲ. ಬಲಗಾಲೊಂದರಲ್ಲೇ ಓಡಿಸಬಹುದಾದ ಕಾರು ಮನೇಲಿ ಅದೊಂದೇ. ಆಟೋಮ್ಯಾಟಿಕ್ ಉಳಿದ್ರೆ ಮಾವ ಓಡಿಸ್ತಾರೆ, ಇಲ್ಲಾಂದ್ರೆ ಕಾರು ಮಾರೋದೇ. ಮನೇಲಿ ಮಾತು ಅಲ್ಲಿಗೆ ಬಂದು ನಿಂತಿತ್ತು.

ಅವಸರದಲ್ಲಿ ಮಾವ ಇಂಟರ್‌ನೆಟ್‌ನಲ್ಲಿ 'ಪವರ್‌ಗ್ಲೈಡ್ ಕಿಟ್' ಅಂತ ಹುಡುಕಿ 62,000 ರೂಪಾಯಿ ಸಾಮಾನು ತರಿಸಿದ್ರು. ಅದರಲ್ಲಿ ಒಂದೂ ನಮ್ಮ ಕಾರಿಗೆ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅನ್ನೋದೇ ಇವತ್ತಿನ ವಿಷಯ.

ಒಳಗೆ ಏನಿದೆ?

ನಾನು ಬಿ.ಕಾಂ ಓದಿದವನು. ಗೇರ್‌ಬಾಕ್ಸ್ ಅರ್ಥ ಮಾಡಿಸಿದ್ದು ಮಾವ. ಅವರು ಇಲ್ಲಿನ ಪವರ್ ಹೌಸಿನಲ್ಲೇ ಕೆಲಸ ಮಾಡಿ ರಿಟೈರ್ ಆದವರು. 'ನೋಡು ಮಗ, ಕೆಳಗೆ ನೀರು ಬಿದ್ದು ಟರ್ಬೈನ್ ತಿರುಗ್ತದೆ. ಇದರೊಳಗೆ ಎಣ್ಣೆ ಹೊಡ್ದು ಟರ್ಬೈನ್ ತಿರುಗ್ತದೆ. ಅಷ್ಟೇ ವ್ಯತ್ಯಾಸ' ಅಂದ್ರು.

ನಿಜ. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಪೆಡಲ್ ಬದಲು ಟಾರ್ಕ್ ಕನ್ವರ್ಟರ್ ಅನ್ನೋ ಕುಂಬಳಕಾಯಿ ಆಕಾರದ ಮುಚ್ಚಿದ ಡಬ್ಬ ಇರುತ್ತೆ. ಎಂಜಿನ್ ಕಡೆಯ ರೆಕ್ಕೆಗಳಿಗೆ ಪಂಪ್ ಅಂತಾರೆ, ಅದು ಎಣ್ಣೆಯನ್ನ ಎರಚುತ್ತೆ. ಎದುರಿನ ರೆಕ್ಕೆಗಳ ಹೆಸರೇ ಟರ್ಬೈನ್, ಅದು ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತೆ. ನಡುವೆ ಸ್ಟೇಟರ್, ವಾಪಸ್ ಬರೋ ಎಣ್ಣೆಯ ದಿಕ್ಕು ತಿರುಗಿಸಿ ಬಲ ಜಾಸ್ತಿ ಮಾಡುತ್ತೆ. ಇದರ ಮೂಲ ತತ್ವಕ್ಕೆ ಜರ್ಮನಿಯ ಹರ್ಮನ್ ಫ್ಯೋಟಿಂಗರ್ ಪೇಟೆಂಟ್ ಪಡೆದಿದ್ದು 1905ರಲ್ಲಿ, ಹಡಗುಗಳಿಗೋಸ್ಕರ. ಅದೇ 1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಲ್ಲಿ ಬೀದಿ ದೀಪ ಹತ್ತಿತು. ಒಂದಕ್ಕೊಂದು ಸಂಬಂಧ ಇಲ್ಲ, ಆದ್ರೆ ಮಾವನಿಗೆ ಇದನ್ನ ಹೇಳೋದಂದ್ರೆ ಖುಷಿ.

ಕನ್ವರ್ಟರ್ ಹಿಂದೆ ಪ್ಲಾನೆಟರಿ ಗೇರುಗಳ ಗುಂಪು. ಆ ಗೇರುಗಳಲ್ಲಿ ಯಾವುದನ್ನ ಹಿಡಿಯಬೇಕು, ಯಾವುದನ್ನ ಬಿಡಬೇಕು ಅನ್ನೋದನ್ನ ಕ್ಲಚ್ ಪ್ಲೇಟುಗಳು ಮತ್ತು ಡ್ರಮ್ ಸುತ್ತ ಬಿಗಿಯೋ ಒಂದು ಪಟ್ಟಿ, ಅಂದ್ರೆ ಬ್ಯಾಂಡ್, ಮಾಡ್ತವೆ. ಇವಕ್ಕೆಲ್ಲ ಎಣ್ಣೆಯ ಒತ್ತಡವೇ ಕೈ. ಯಾವಾಗ ಎಷ್ಟು ಒತ್ತಡ ಕೊಡ್ಬೇಕು ಅಂತ ತೀರ್ಮಾನ ಮಾಡೋದು ವಾಲ್ವ್ ಬಾಡಿ. ಅದಕ್ಕೆ ಎರಡು ಕಡೆಯಿಂದ ಸುದ್ದಿ ಬರುತ್ತೆ: ಕಾರು ಎಷ್ಟು ವೇಗದಲ್ಲಿದೆ ಅಂತ ಗವರ್ನರ್ ಹೇಳುತ್ತೆ, ಎಂಜಿನ್ ಮೇಲೆ ಎಷ್ಟು ಭಾರ ಇದೆ ಅಂತ ವ್ಯಾಕ್ಯೂಮ್ ಮಾಡ್ಯುಲೇಟರ್ ಹೇಳುತ್ತೆ. ಈ ಮಾಡ್ಯುಲೇಟರ್ ಅನ್ನೋ ಹೆಸರು ನೆನಪಿಟ್ಕೊಳ್ಳಿ.

ಮೊದಲನೇ ಪಾಠ: ನಿಮ್ಮದು ಯಾವ ಡಬ್ಬ?

ಕಾರಿನ ಹೆಸರು ಹೇಳಿ ಪಾರ್ಟ್ ತರಿಸಬೇಡಿ, ಗೇರ್‌ಬಾಕ್ಸ್ ಗುರುತಿಸಿ ತರಿಸಿ. ಪವರ್‌ಗ್ಲೈಡ್ 1950ರಲ್ಲಿ ಬಂತು. ಶುರುವಿನವು ಬೀಡು ಕಬ್ಬಿಣದ ಕವಚದವು. 1962ರಿಂದ ಅಲ್ಯೂಮಿನಿಯಂ ಕವಚದವು ಬಂದು 1973ರವರೆಗೆ ನಡೆದವು. ಮಧ್ಯೆ ಸ್ವಲ್ಪ ಕಾಲ ಎರಡೂ ಒಟ್ಟಿಗೆ ತಯಾರಾಗ್ತಿದ್ವು. ಹೆಸರು ಒಂದೇ, ಒಳಗಿನ ಸಾಮಾನು ಬೇರೆ. ಮಾವ ತರಿಸಿದ ಗ್ಯಾಸ್ಕೆಟ್ ಸೆಟ್ಟು ಕಬ್ಬಿಣದ್ದಕ್ಕೆ, ನಮ್ಮದು ಅಲ್ಯೂಮಿನಿಯಂ.

ಇದನ್ನ ಪತ್ತೆ ಮಾಡೋಕೆ ಎಂಜಿನಿಯರ್ ಬೇಡ. ಒಂದು ಅಯಸ್ಕಾಂತ ಹಿಡಿದು ಕವಚಕ್ಕೆ ಅಂಟಿಸಿ ನೋಡಿ. ಅಂಟಿದ್ರೆ ಕಬ್ಬಿಣ, ಅಂಟದಿದ್ರೆ ಅಲ್ಯೂಮಿನಿಯಂ. ಆಮೇಲೆ ಕೆಳಗಡೆಯ ಆಯಿಲ್ ಪ್ಯಾನ್ ಬೋಲ್ಟ್ ಎಣಿಸಿ. ಅಲ್ಯೂಮಿನಿಯಂ ಪವರ್‌ಗ್ಲೈಡ್‌ಗೆ 14 ಬೋಲ್ಟ್. ಅದೇ ಕಂಪನಿಯ ಮೂರು ಗೇರಿನ ಟರ್ಬೊ ಹೈಡ್ರಮ್ಯಾಟಿಕ್ 350ಕ್ಕೆ 13, ಪ್ಯಾನಿನ ಒಂದು ಮೂಲೆ ಕತ್ತರಿಸಿದಂಗಿರುತ್ತೆ. ಟರ್ಬೊ ಹೈಡ್ರಮ್ಯಾಟಿಕ್ 400ಕ್ಕೂ 13, ಆದ್ರೆ ಆಕಾರ ಅಂಕುಡೊಂಕು. ಅರವತ್ತು ವರ್ಷದ ಕಾರು ಅಂದ್ರೆ ಮಧ್ಯದಲ್ಲಿ ಯಾರೋ ಗೇರ್‌ಬಾಕ್ಸ್ ಬದಲಾಯಿಸಿರಬಹುದು, ಅದಕ್ಕೇ ಕಾಗದ ನಂಬದೆ ಕಾರಿನ ಕೆಳಗೆ ಮಲಗಿ ನೋಡ್ಬೇಕು.

ಇಸವಿಯೂ ಮುಖ್ಯ. ಹಳೇ ಪವರ್‌ಗ್ಲೈಡ್‌ಗಳಲ್ಲಿ ಹಿಂದೆ ಇನ್ನೊಂದು ಪಂಪ್ ಇತ್ತು, 1967ರ ಹೊತ್ತಿಗೆ ಅದನ್ನ ತೆಗೆದ್ರು. ಆಟೋಮ್ಯಾಟಿಕ್ ಕಾರನ್ನ ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ ಅಂತಾರಲ್ಲ, ಆದ್ರೆ ತಾತನ ಕಾಲದಲ್ಲಿ ಈ ಕಾರನ್ನ ಹುಡುಗರು ತಳ್ಳಿ ಸ್ಟಾರ್ಟ್ ಮಾಡ್ತಿದ್ರಂತೆ. ನಾನು ಇದು ಬುರುಡೆ ಅನ್ಕೊಂಡಿದ್ದೆ. ಹಿಂದಿನ ಪಂಪ್ ಇದ್ದದ್ದರಿಂದ ಅದು ಸಾಧ್ಯ ಇತ್ತು. ಗ್ಯಾಸ್ಕೆಟ್ ಸೆಟ್ ಕೇಳುವಾಗ ಈ ಪಂಪ್ ಇರೋದೋ ಇಲ್ಲದ್ದೋ ಅಂತ ಹೇಳ್ಲೇಬೇಕು.

ಎರಡನೇ ಪಾಠ: ಬಿಚ್ಚೋ ಮುಂಚೆ ಕಾಯಿಲೆ ಹುಡುಕಿ

ಬೆಂಗಳೂರಲ್ಲಿ ಅಮೆರಿಕನ್ ಕಾರುಗಳ ಕೆಲಸ ಮಾಡಿ ಈಗ ಮನೇಲಿರೋ ಹಿರಿಯ ಮೇಸ್ತ್ರಿ ಒಬ್ಬರು ಸಿಕ್ಕಿದ್ರು. ಫೋನಿನಲ್ಲಿ ನಾನು ಕಿಟ್ ವಿಷಯ ತೆಗೆದ್ರೆ, 'ಕೊಂಡ್ಕೊಳ್ಳೋದು ಆಮೇಲೆ ಸಾರ್. ಮೊದ್ಲು ಎಣ್ಣೆ ಎಲ್ಲಿ ಹೋಗ್ತೈತೆ ಅದು ಹೇಳಿ' ಅಂದ್ರು. ಅಲ್ಲೀವರೆಗೂ ಈ ಪ್ರಶ್ನೆ ನಮ್ಮನ್ನ ಒಬ್ಬರೂ ಕೇಳಿರ್ಲಿಲ್ಲ.

ಅವರು ಹೇಳಿದ್ದು ಇಷ್ಟು. ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡ್ತಿರುವಾಗಲೇ ಗೇರ್ ಆಯಿಲ್ ಕಡ್ಡಿ ಎಳೆದು ನೋಡಿ. ಬಿಳಿ ಬಟ್ಟೆ ಮೇಲೆ ಒರೆಸಿ. ಕೆಂಪಗಿದ್ರೆ ಸರಿ. ಕಂದು ಬಣ್ಣ, ಸುಟ್ಟ ವಾಸನೆ ಇದ್ರೆ ಕ್ಲಚ್ ಪ್ಲೇಟ್ ಸುಟ್ಟಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಗುಲಾಬಿ ನೊರೆ ಇದ್ರೆ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ತೂತಾಗಿ ನೀರು ಸೇರಿದೆ. ನೀರು ತಾಗಿದ ಕ್ಲಚ್ ಪ್ಲೇಟಿನ ಲೈನಿಂಗ್ ಬಿಟ್ಕೊಳ್ಳುತ್ತೆ, ಆಗ ಪ್ಲೇಟುಗಳನ್ನೆಲ್ಲ ಬದಲಾಯಿಸದೆ ವಿಧಿ ಇಲ್ಲ. ಜೊತೆಗೆ ರೇಡಿಯೇಟರ್ ರಿಪೇರಿ ಮಾಡದೆ ಹೊಸ ಪ್ಲೇಟ್ ಹಾಕಿದ್ರೆ ಅದೂ ಹೋಗುತ್ತೆ.

ಕೊನೆಗೆ ಅವರು, ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಡಬ್ಬಿ ಥರದ ಒಂದು ಪಾರ್ಟಿಗೆ ರಬ್ಬರ್ ಪೈಪ್ ಬಂದಿರುತ್ತೆ, ಅದನ್ನ ಎಳೀರಿ ಅಂದ್ರು. ಎಳೆದ್ವಿ. ಪೈಪಿನೊಳಗಿಂದ ಕೆಂಪು ಎಣ್ಣೆ ಸುರೀತು.

ಅದೇ ವ್ಯಾಕ್ಯೂಮ್ ಮಾಡ್ಯುಲೇಟರ್. ಒಳಗೆ ತೆಳುವಾದ ರಬ್ಬರ್ ಪೊರೆ ಇರುತ್ತೆ. ಅದು ಹರಿದ್ರೆ ಎಂಜಿನ್ ತನ್ನ ಉಸಿರಿನ ಜೊತೆ ಗೇರ್‌ಬಾಕ್ಸಿನ ಎಣ್ಣೆಯನ್ನೂ ಎಳ್ಕೊಂಡು ಸುಡುತ್ತೆ. ಬಿಳಿ ಹೊಗೆ ಅದರದ್ದು. ನೆಲದ ಮೇಲೆ ಹನಿ ಬೀಳದೆ ಎಣ್ಣೆ ಖಾಲಿಯಾಗ್ತಿದ್ದದ್ದೂ ಇದಕ್ಕೇ. ಎಂಜಿನ್ ಮೇಲಿನ ಭಾರದ ಸುದ್ದಿ ತಪ್ಪಾಗಿ ಹೋಗೋದರಿಂದ ಒತ್ತಡ ಜಾಸ್ತಿಯಾಗಿ ಗೇರ್ ಒದ್ದಂಗೆ ಬೀಳುತ್ತೆ. ಎಣ್ಣೆ ಕಮ್ಮಿಯಾದ್ರೆ ಕಾರು ತಡವಾಗಿ ಹೊರಡುತ್ತೆ. ನಾಲ್ಕು ದೂರಿಗೂ ಮೂಲ ಒಂದೇ, ಅಂಗೈಯಲ್ಲಿ ಹಿಡಿಸೋ ಒಂದು ಪಾರ್ಟು. ಪವರ್‌ಗ್ಲೈಡ್‌ನಲ್ಲಿ ಅದು ತಿರುಪಿ ಬಿಚ್ಚುವಂಥದ್ದು. ಗೇರ್‌ಬಾಕ್ಸ್ ಇಳಿಸೋದೂ ಬೇಡ.

ಅಲ್ಲಿಗೆ ಮುಗೀತಾ ಅಂದ್ರೆ, ಇಲ್ಲ. ಎರಡು ವರ್ಷ ಎಣ್ಣೆ ಕಮ್ಮಿ ಇದ್ದಾಗಲೂ ಓಡಿಸಿದ್ವಿ. ಪ್ಯಾನ್ ಬಿಚ್ಚಿದ್ರೆ ತಳದಲ್ಲಿ ಕಪ್ಪು ರಾಡಿ ಕೂತಿತ್ತು, ಕ್ಲಚ್ ಪ್ಲೇಟ್ ಸವೆದದ್ದು. ಲೋಹದ ಚೂರು ಇರ್ಲಿಲ್ಲ ಅನ್ನೋದೇ ಸಮಾಧಾನ. ಮೊದಲ ತಿಂಗಳೇ ಪೈಪ್ ಎಳೆದು ನೋಡಿದ್ರೆ ಬರೀ ಮಾಡ್ಯುಲೇಟರಲ್ಲಿ ಮುಗೀತಿತ್ತು. ಈಗ ಬಿಚ್ಚಲೇಬೇಕಾಯ್ತು.

ಮೂರನೇ ಪಾಠ: ಕಿಟ್ ಅಂದ್ರೆ ಯಾವ ಕಿಟ್?

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಮೂರು ಮಟ್ಟ. ಮೊದಲನೇದು ಬರೀ ಗ್ಯಾಸ್ಕೆಟ್ ಮತ್ತು ಸೀಲು, ಸೋರಿಕೆ ಮಾತ್ರ ಇದ್ರೆ ಸಾಕು. ಎರಡನೇದು ಬ್ಯಾನರ್ ಕಿಟ್, ಅದರಲ್ಲಿ ಗ್ಯಾಸ್ಕೆಟ್, ಸೀಲಿನ ಜೊತೆ ಲೈನಿಂಗ್ ಇರೋ ಕ್ಲಚ್ ಪ್ಲೇಟ್‌ಗಳೂ ಬರ್ತವೆ. ಮೂರನೇದು ಮಾಸ್ಟರ್ ಕಿಟ್, ಅದರಲ್ಲಿ ಸ್ಟೀಲ್ ಪ್ಲೇಟ್‌ಗಳೂ ಸೇರಿರ್ತವೆ. ಫಿಲ್ಟರ್, ಬ್ಯಾಂಡ್, ಬುಷ್ ಇದೆಯಾ ಅನ್ನೋದು ಮಾರೋರ ಮೇಲೆ. ಪಟ್ಟಿ ಓದದೆ ದುಡ್ಡು ಕಟ್ಟಬೇಡಿ. ಡ್ರಮ್, ಶಾಫ್ಟ್, ಪ್ಲಾನೆಟರಿ ಗೇರ್, ಪಂಪ್ ಇವು ಯಾವ ಕಿಟ್ಟಲ್ಲೂ ಬರಲ್ಲ. ಬಿಚ್ಚಿ ನೋಡಿದ ಮೇಲೆ, ಬೇಕಾದ್ರೆ ಮಾತ್ರ ಬೇರೆ ತರಿಸಬೇಕು. ಸ್ಟೀಲ್ ಪ್ಲೇಟ್ ನೀಲಿಗಟ್ಟಿದ್ರೆ ಅಥವಾ ಬಾಗಿದ್ರೆ ಮಾಸ್ಟರ್ ಕಿಟ್ಟೇ ಸರಿ. ನಮ್ಮದರಲ್ಲಿ ನೀಲಿಗಟ್ಟಿತ್ತು. ಬ್ಯಾಂಡ್ ಚೆನ್ನಾಗಿತ್ತು, ಅದನ್ನೇ ಉಳಿಸ್ಕೊಂಡ್ವಿ.

ಇಲ್ಲೊಂದು ಗುಂಡಿ ಇದೆ, ಮಾವ ಬಿದ್ದದ್ದು ಇದಕ್ಕೇ. ಪವರ್‌ಗ್ಲೈಡ್ ಸರಳ, ಗಟ್ಟಿ, ಬರೀ ಎರಡು ಗೇರು. ಹಾಗಾಗಿ ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ಮಾಡೋರಿಗೆ ಇದು ಬಲು ಇಷ್ಟ. ಇಂಟರ್‌ನೆಟ್‌ನಲ್ಲಿ ಹುಡುಕಿದ್ರೆ ಸಿಗೋ ಸಾಮಾನಿನಲ್ಲಿ ಬಹಳಷ್ಟು ರೇಸಿನದ್ದು. ಮಾವ ತರಿಸಿದ ದುಬಾರಿ ವಾಲ್ವ್ ಬಾಡಿ ರೇಸ್‌ಗೆ ಮಾಡಿದ್ದು. ಅದನ್ನ ಹಾಕಿದ್ರೆ ಗೇರ್ ತಾನಾಗಿ ಬದಲಾಗೋದೇ ಇಲ್ಲ, ಲಿವರ್ ಕೈಯಲ್ಲೇ ತಳ್ಳಬೇಕು. ಆಟೋಮ್ಯಾಟಿಕ್ ಉಳಿಸೋಕೆ ಹೋಗಿ ಆಟೋಮ್ಯಾಟಿಕ್ಕೇ ಇಲ್ಲದ ಪಾರ್ಟ್ ತಂದಂಗಾಯ್ತು. ಜೋರು, ಹೆವಿ ಡ್ಯೂಟಿ, ರೇಸ್ ಅನ್ನೋ ಮಾತಿಗೆ ಮರುಳಾಗಬೇಡಿ. ಮಳವಳ್ಳಿ ಸಂತೆಗೆ ಹೋಗಿ ಬರೋ ಕಾರಿಗೆ ಕಂಪನಿ ಮೂಲದಲ್ಲಿ ಹಾಕಿದಂಥದ್ದೇ ಸಾಕು.

ನಾಲ್ಕನೇ ಪಾಠ: ಯಾವುದು ಇಲ್ಲೇ, ಯಾವುದು ಹೊರಗಿಂದ

ನನ್ನ ಓದಿಗೆ ಬೆಲೆ ಬಂದದ್ದು ಇಲ್ಲಿ. ವೆಬ್‌ಸೈಟಿನಲ್ಲಿ ಕಾಣೋ ಬೆಲೆ ಬೆಲೆಯಲ್ಲ. ಸಾಗಾಟ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಬ್ಯಾಂಕಿನ ವಿನಿಮಯ ಶುಲ್ಕ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ. ತಪ್ಪು ಪಾರ್ಟ್ ಬಂದ್ರೆ ವಾಪಸ್ ಕಳಿಸೋ ಖರ್ಚು ಪಾರ್ಟಿನಷ್ಟೇ ಆಗಬಹುದು. ಹಾಗಾಗಿ ಹೊರಗಿಂದ ತರಿಸೋದನ್ನ ಒಂದೇ ಸಲ, ಒಂದೇ ಪಾರ್ಸೆಲ್‌ನಲ್ಲಿ ತರಿಸಿ.

ಹೊರಗಿಂದಲೇ ಬರಬೇಕಾದ್ದು: ಕ್ಲಚ್ ಪ್ಲೇಟ್, ಮಾಡ್ಯುಲೇಟರ್, ಆ ಗೇರ್‌ಬಾಕ್ಸಿಗೇ ಕತ್ತರಿಸಿದ ಗ್ಯಾಸ್ಕೆಟ್, ಒಳಗಿನ ಸೀಲಿಂಗ್ ರಿಂಗ್. ಬ್ಯಾಂಡಿಗೆ ಬ್ರೇಕ್ ಲೈನರ್ ಅಂಟಿಸಿ ಕೊಡ್ತೀವಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ. ಬ್ರೇಕ್ ಲೈನರ್ ಒಣಗಿದ್ದಾಗ ಹಿಡಿಯೋಕೆ ಮಾಡಿದ್ದು, ಇಲ್ಲಿ ಬೇಕಾಗಿರೋದು ಎಣ್ಣೆಯಲ್ಲಿ ಮುಳುಗಿದ್ರೂ ಹಿಡಿಯೋ ಲೈನಿಂಗ್.

ಇಲ್ಲೇ ಸಿಗೋದು: ಶಾಫ್ಟಿನ ಆಯಿಲ್ ಸೀಲ್‌ಗಳು. ಒಳ ವ್ಯಾಸ, ಹೊರ ವ್ಯಾಸ, ದಪ್ಪ ಅಳೆದು ಹಳೇ ಸೀಲ್ ಸಮೇತ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದ್ರೆ ಹೊಂದೋದು ಸಿಗುತ್ತೆ. ಬಿಸಿ ಎಣ್ಣೆ ತಡೆಯೋ ರಬ್ಬರ್ ಕೇಳಿ. ಸವೆದ ಬುಷ್‌ಗಳನ್ನ ಒಳ್ಳೆ ಲೇತ್ ಕೆಲಸದವರು ಮಾಡಿಕೊಡ್ತಾರೆ. ಎಣ್ಣೆಗೆ, ಆ ಕಾಲದ 'ಟೈಪ್ ಎ' ಈಗ ಬೇಕಿಲ್ಲ, ಡೆಕ್ಸ್‌ರಾನ್ 3 ದರ್ಜೆಯ ಎಟಿಎಫ್ ನಡೆಯುತ್ತೆ. ಹಿಂದೆ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸ್ತಿದ್ರು. ಎಪ್ಪತ್ತರ ದಶಕದ ಶುರುವಿನಲ್ಲಿ ತಿಮಿಂಗಿಲ ರಕ್ಷಣೆಯ ಕಾನೂನು ಬಂದು ಅದು ನಿಂತಿತು.

ಜೋಡಿಸುವಾಗ

ಮೇಸ್ತ್ರಿ ಮೂರು ದಿನ ಬ್ಲಫ್‌ಗೇ ಬಂದು ಉಳ್ಕೊಂಡ್ರು. ಶೆಡ್ಡಿಗೆ ಕಾಲಿಟ್ಟ ತಕ್ಷಣ ನೆಲ ತೊಳೆಸಿದ್ರು, ಕಾಟನ್ ವೇಸ್ಟ್ ಆಚೆ ಎಸೆಸಿದ್ರು. ಅದರ ಒಂದು ಎಳೆ ವಾಲ್ವ್ ಬಾಡಿಯ ಸಣ್ಣ ದಾರಿಗೆ ಸಿಕ್ಕಿದ್ರೆ ಎಲ್ಲ ಕೆಲಸ ದಂಡ. ಹೊಸ ಕ್ಲಚ್ ಪ್ಲೇಟ್‌ಗಳನ್ನ ಜೋಡಿಸೋ ಮುಂಚೆ ಅರ್ಧ ಗಂಟೆಗೂ ಮೇಲೆ ಎಟಿಎಫ್‌ನಲ್ಲಿ ನೆನೆಹಾಕಿದ್ರು. ಸಣ್ಣ ಗುಂಡು, ವಾಷರ್ ಬೀಳದಂತೆ ಹಿಡಿಯೋಕೆ ವ್ಯಾಸಲೀನ್ ಹಚ್ಚಿದ್ರು. ಗ್ರೀಸ್ ಎಣ್ಣೆಯಲ್ಲಿ ಕರಗಲ್ಲ, ದಾರಿ ಕಟ್ಟುತ್ತೆ. ಪ್ರತಿ ಹಂತಕ್ಕೂ ನನ್ನ ಕೈಲಿ ಫೋಟೊ ತೆಗೆಸಿದ್ರು.

ಬ್ಯಾಂಡ್ ಬಿಗಿಯೋಕೂ ಲೆಕ್ಕ ಇದೆ. ಅಲ್ಯೂಮಿನಿಯಂ ಪವರ್‌ಗ್ಲೈಡ್‌ನಲ್ಲಿ ತಿರುಪನ್ನ 70 ಇಂಚ್-ಪೌಂಡ್‌ಗೆ ಬಿಗಿದು, ಓಡಿದ ಬ್ಯಾಂಡ್ ಆದ್ರೆ ಸರಿಯಾಗಿ 4 ಸುತ್ತು, ಹೊಸದಾದ್ರೆ 3 ಸುತ್ತು ಸಡಿಲಿಸಬೇಕು. ಕನ್ವರ್ಟರನ್ನ ತಿರುಗಿಸುತ್ತ ಒಳಗೆ ತಳ್ಳಿ, ಪಂಪಿಗೆ ಪೂರ್ತಿ ಕೂತಮೇಲೇ ಎಂಜಿನ್‌ಗೆ ಸೇರಿಸಬೇಕು. ಕೂರದಿದ್ರೂ ಬೋಲ್ಟ್ ಹಾಕಿ ಎಳೆದ್ರೆ ಪಂಪ್ ಅಲ್ಲೇ ಒಡೆಯುತ್ತೆ. ಕೂಲರ್ ಪೈಪನ್ನೂ ತೊಳೀಬೇಕು, ಹಳೇ ರಾಡಿ ಅಲ್ಲೇ ಅಡಗಿರುತ್ತೆ. ನಮ್ಮ ಕನ್ವರ್ಟರನ್ನ ತೊಳೆದು ಮತ್ತೆ ಹಾಕಿದ್ವಿ. ಅದು ವೆಲ್ಡ್ ಮಾಡಿದ ಡಬ್ಬ, ಪೂರ್ತಿ ಚೊಕ್ಕ ಆಗಲ್ಲ. ಲೋಹದ ಚೂರು ಸಿಕ್ಕಿದ್ದಿದ್ರೆ ಬದಲಾಯಿಸಬೇಕಿತ್ತು.

ಯಾರ ಮಾತು ಕೇಳೋದು?

ನನಗೆ ಸಿಕ್ಕ ಅಳತೆಗೋಲು ಇದು: ಹೇಳೋ ಮುಂಚೆ ಕೇಳೋರನ್ನ ನಂಬಿ. ಎಣ್ಣೆಯ ಬಣ್ಣ ಏನು, ತೊಂದ್ರೆ ತಣ್ಣಗಿದ್ದಾಗಲೋ ಬಿಸಿಯಾದ್ಮೇಲೋ, ಯಾವ ಇಸವಿ ಅಂತ ಕೇಳದೆ ರೇಟ್ ಹೇಳೋರು ನಿಮ್ಮ ಕಾರು ನೋಡಿಲ್ಲ, ನಿಮ್ಮ ಜೇಬು ನೋಡಿದ್ದಾರೆ. ಆ ಇಸವಿಯ ಕಂಪನಿ ಸರ್ವಿಸ್ ಮ್ಯಾನ್ಯುಯಲ್ ಒಂದು ಇಟ್ಕೊಳ್ಳಿ, ಯಾರು ಏನೇ ಹೇಳಿದ್ರೂ ಅದರ ಜೊತೆ ಹೋಲಿಸಿ.

ಮೂರು ಗೇರಿನ 350 ಹಾಕಿ, ಉದ್ದವೂ ಸರಿಹೋಗುತ್ತೆ ಅನ್ನೋ ಸಲಹೆಯೂ ಬಂತು. ಅದು ಕೆಟ್ಟ ಸಲಹೆ ಅಲ್ಲ, ಕ್ಲಚ್ ಪೆಡಲ್ ಅದಕ್ಕೂ ಇಲ್ಲ. ಆದ್ರೆ ಇಲ್ಲಿ ಅದನ್ನ ಹುಡುಕೋ ಖರ್ಚು ನಮ್ಮ ರಿಪೇರಿಗಿಂತ ಜಾಸ್ತಿ. ಇನ್ನೊಂದು ವಿಷಯ: 2021ರ ಕೇಂದ್ರದ ನಿಯಮದಲ್ಲಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರೋ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡು ಆಗಿದ್ರೆ ಕಷ್ಟ, ಅಂದ್ರೆ ಆ ಡೀಸೆಲ್ ಎಂಜಿನ್ ಸಲಹೆ ಆ ಬಾಗಿಲನ್ನೂ ಮುಚ್ಚಿಬಿಡ್ತಿತ್ತು. ಆದ್ರೆ ವಿಂಟೇಜ್ ನಂಬರ್ ತಗೊಂಡ ಗಾಡಿಯನ್ನ ದಿನಬಳಕೆಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಥರದ ಕಾರಣಕ್ಕೆ ಮಾತ್ರ. ಮಾವನಿಗೆ ಓಡಿಸೋದೇ ಮುಖ್ಯ, ಅದಕ್ಕೆ ಸದ್ಯಕ್ಕೆ ಅದರ ಗೊಡವೆಗೆ ಹೋಗಿಲ್ಲ.

ಲೆಕ್ಕ

ಮಾಡ್ಯುಲೇಟರ್ 4,500. ಮಾಸ್ಟರ್ ಕಿಟ್ ಮನೆ ಬಾಗಿಲಿಗೆ 38,000. ಇಲ್ಲಿನ ಸೀಲು, ಲೇತ್ ಕೆಲಸ 6,500. ಎಣ್ಣೆ 5,500. ಮೇಸ್ತ್ರಿ ಕೂಲಿ 35,000. ಒಟ್ಟು 89,500 ರೂಪಾಯಿ. ಅವಸರದ ಆ 62,000 ಸೇರಿಸಿದ್ರೆ 1,51,500. ಮೊದಲ ತಿಂಗಳೇ ಪೈಪ್ ಎಳೆದು ನೋಡಿದ್ದಿದ್ರೆ 4,500ರಲ್ಲಿ, ಜೊತೆಗೆ ಎಣ್ಣೆ ಖರ್ಚಲ್ಲಿ ಮುಗೀತಿತ್ತು. ಈ ಮೂರು ಅಂಕಿ ನಿಮಗೆ ನೆನಪಿದ್ರೆ ಈ ಸಂಚಿಕೆ ಸಾರ್ಥಕ.

ಮೊನ್ನೆ ಭಾನುವಾರ ಮಾವ ಕಾರು ಆಚೆ ತೆಗೆದ್ರು. ಅಜ್ಜಿ ಹಿಂದೆ, ನಾನು ಪಕ್ಕದಲ್ಲಿ. ಗಗನಚುಕ್ಕಿ ವೀಕ್ಷಣೆ ಜಾಗದವರೆಗೆ ಹೋಗಿ ಬಂದ್ವಿ. ಒಂದರಿಂದ ಎರಡನೇ ಗೇರಿಗೆ ಬಿದ್ದದ್ದು ನನಗೆ ಗೊತ್ತೇ ಆಗ್ಲಿಲ್ಲ. ಮಾವ ಮಾತ್ರ, 'ಬಿತ್ತು' ಅಂದ್ರು. ಹೊಗೆ ಇಲ್ಲ. ಹಿಂದಿನ ಸೀಲಿನಲ್ಲಿ ಇನ್ನೂ ಒಂದೊಂದು ಹನಿ ಜಿನುಗ್ತಿದೆ, ಕೆಳಗೆ ರಟ್ಟು ಹಾಸಿದ್ದೀವಿ. ಅಳತೆ ತಗೊಂಡು ಇನ್ನೊಂದ್ಸಲ ಜೆ.ಸಿ. ರಸ್ತೆಗೆ ಹೋಗ್ಬೇಕು.

ನಿಮ್ಮ ಮನೆ ಶೆಡ್ಡಲ್ಲೂ ಇಂಥ ಕಾರು ನಿಂತಿದ್ರೆ, ಏನೂ ಕೊಳ್ಳೋ ಮುಂಚೆ ಒಂದು ಅಯಸ್ಕಾಂತ, ಒಂದು ಬಿಳಿ ಬಟ್ಟೆ ತಗೊಂಡು ಕೆಳಗೆ ಮಲಗಿ ನೋಡಿ. ಏನು ಕಂಡಿತು ಅಂತ ನನಗೂ ಹೇಳಿ. ಮುಂದಿನ ವಾರ ಸಿಗೋಣ. ನಮಸ್ಕಾರ.